ಅವ್ವನ ಹಣಿ, ನಿಂಬಿಹಣ್ಣು, ಮತ್ತ ಕಣ್ಣಿಗೆ ಸಿಗದ ಬಣ್ಣ

ಹೋದ ವರ್ಷ ದೀಪಾವಳಿ ಮುಂದ ಅವ್ವನ ಹಣಿಮ್ಯಾಲ, ಥೇಟ್ ಕುಂಕುಮ ಹಚ್ಚೋ ಜಾಗದಾಗ, ಒಂದು ಕಪ್ಪು ಕಲೆ ಬಿತ್ತು. ಮೊದಲು ಬರೀ ತುರಿಸ್ತಿತ್ತಂತ, ಆಮ್ಯಾಲ ತುರಿಕಿ ಹೋಯ್ತು ಬಣ್ಣ ಉಳೀತು, ನಾಲ್ಕಾಣೆ ಬಿಲ್ಲಿಯಷ್ಟು ಅಗಲ, ಕರಿಗೆ ಜರಾ ನೀಲಿ ಕೂಡಿದಂಗ. ಅಕಿ ಅದು ಕಾಣಬಾರದಂತ ಅದರ ಮ್ಯಾಲೇ ಇನ್ನೂ ದೊಡ್ಡ ಕುಂಕುಮ ಇಟ್ಕೊಳ್ಳಲಕತ್ತಿದಳು, ನಮಗ ಗೊತ್ತಾಗೋದ್ರಾಗ ಎರಡು ತಿಂಗಳು ಹೋಗಿತ್ತು. ಚರ್ಮದ ಡಾಕ್ಟರ್ ನೋಡಿದ ಕೂಡ್ಲೆ ಅಂದ್ರು, ಅಮ್ಮಾ ಕುಂಕುಮ ಬಿಡ್ರಿ, ಮೂರು ತಿಂಗಳು ಹಣಿಗೆ ಏನೂ ಹಚ್ಚಬ್ಯಾಡ್ರಿ. ಅವ್ವ ಆಟೋದಾಗ ಮನಿ ಮುಟ್ಟೋತನಕ ಒಂದು ಮಾತೂ ಆಡಲಿಲ್ಲ. ಅಪ್ಪ ಇರೋವಾಗ ಬರೀ ಹಣಿಲೆ ಓಣಿಯಾಗ ಹೆಂಗ ತಿರುಗಾಡ್ಲಿ ಅನ್ನೋದು ಅಕಿ ಚಿಂತಿ, ಅದನ್ನ ನಾನು ಹಗುರಂತ ಅನ್ನಂಗಿಲ್ಲ.

ನಾನು ಕಲಬುರಗಿಯಾಗ ಕೆಮಿಸ್ಟ್ರಿ ಕಲಸ್ತೀನಿ, ಪೈಲೆ ಕೆಲವು ವರ್ಷ ಬಣ್ಣಗಳ ಅನಾಲಿಸಿಸ್‌ ಮ್ಯಾಲೇ ಕೆಲಸ ಮಾಡೀನಿ, ಆದ್ರ ಮನ್ಯಾಗಿನ ಕುಂಕುಮದ ಡಬ್ಬಿ ಒಂದಿನ ತೆರದು ನೋಡಿರಲಿಲ್ಲ. ಕುಂಕುಮದ ಬಣ್ಣದಿಂದ ಹಣಿ ಕಪ್ಪಾಗೋದು ಹೊಸದೇನಲ್ಲ, ಚರ್ಮದ ಡಾಕ್ಟರ್‌ಗಳು ದಶಕಗಳಿಂದ ಬರದಾರ, ಅದ್ರಾಗ ಸೂಡಾನ್ 1 ಅನ್ನೋ ಬಣ್ಣದ ಹೆಸರು ಮತ್ತ ಮತ್ತ ಬರ್ತದ.

ಅವತ್ತ ರಾತ್ರಿನೇ ನಮ್ಮ ಅತ್ತಿಗಿ ವಾಟ್ಸಾಪ್‌ದಾಗ ಬಂದ ವಿಡಿಯೋ ತೋರಿಸಿದಳು: ಕುಂಕುಮದ ಮ್ಯಾಲ ನಿಂಬಿಹಣ್ಣು ಹಿಂಡ್ರಿ, ಹಳದಿ ಆದ್ರ ಖರೆ ಕುಂಕುಮ, ಕೆಂಪೇ ಉಳದ್ರ ಕೆಮಿಕಲ್. ಇದರಾಗ ಅರ್ಧ ಖರೆ ಅದ. ಅರಿಷಿಣಕ್ಕ ಸುಣ್ಣ ಕೂಡಿಸಿದ್ರ ಕೆಂಪಾಗ್ತದ, ಆರತಿ ತಟ್ಟಿಯಾಗ ನಾವೆಲ್ಲ ನೋಡೇವಲ್ಲ, ಅದು ಅರಿಷಿಣದಾಗಿನ ಕರ್ಕ್ಯುಮಿನ್ ಕ್ಷಾರದಾಗ ಬಣ್ಣ ಬದಲಿಸೋದು, ಹುಳಿ ಬಿದ್ದ ಕೂಡ್ಲೆ ತಿರುಗಿ ಹಳದಿ. ಅವ್ವನ ಡಬ್ಬಿದು ನಿಂಬಿಹಣ್ಣಿಗೆ ಅಲ್ಲಾಡಲಿಲ್ಲ, ಗಪ್ಪಂತ ಕೆಂಪೇ ಕುಂತಿತ್ತು. ಎಲ್ಲರೂ ಸಿಕ್ತು ಕಳ್ಳ ಅಂದ್ರು. ಆದ್ರ ನನ್ನ ಹತ್ರ ಇನ್ನೊಂದು ಕುಂಕುಮ ಇತ್ತು, ಬೀದರ ಕಡಿಂದ ಚಿಗವ್ವ ಕೊಟ್ಟಿದ್ದು, ಅಕಿ ಕೈಯಿಂದಲೇ ಮಾಡಿದ್ದು, ಅರಿಷಿಣದ ಕೊಂಬು, ನಿಂಬಿ ರಸ, ಬಿಳಿಗಾರ ಹಾಕಿ ನೆನಸಿ ಒಣಗಿಸಿ ಕುಟ್ಟಿದ್ದು. ಅದರ ಮ್ಯಾಲೂ ಹಿಂಡಿದೆ. ಅದೂ ಕೆಂಪೇ!

ಯಾಕಂದ್ರ ಬಿಳಿಗಾರದಾಗ ಬೋರಾನ್ ಅದ, ಅದು ಹುಳಿಯಾಗ ಕರ್ಕ್ಯುಮಿನ್ ಜೊತಿ ಗಟ್ಟಿ ಹಿಡಕೊಂಡು ಬ್ಯಾರೇನೆ ಒಂದು ಕೆಂಪು ಆಗ್ತದ, ಆ ಕೆಂಪಿಗೆ ನಿಂಬಿಹಣ್ಣಿನ ಹೆದರಿಕಿ ಇಲ್ಲ. ಬಿಎಸ್ಸಿ ಹುಡುಗರು ಬೋರಿಕ್ ಆಸಿಡ್ ಹಿಡಿಲಿಕ್ಕ ಅರಿಷಿಣದ ಕಾಗದ ಉಪಯೋಗಿಸ್ತಾರ, ಅದೇ ರಿಯಾಕ್ಷನ್, ಅಮೋನಿಯಾ ಹಾಕಿದ್ರ ಅದು ಕಪ್ಪು ಹಸಿರಿಗೆ ತಿರುಗ್ತದ. ಚಿಗವ್ವನ ಕುಂಕುಮ ಹಂಗೇ ತಿರುಗ್ತು. ಅವ್ವನ ಡಬ್ಬಿದು ತಿರುಗಲಿಲ್ಲ. ವಿಡಿಯೋ ನಂಬಿದ್ರ ಚಿಗವ್ವನ ಮ್ಯಾಲೂ ಕಳುವು ಹೊರಸ್ತಿದ್ದೆ.

ಸೋಮವಾರ ಲ್ಯಾಬಿಗೆ ಎರಡೂ ಪುಡಿ ಒಯ್ದೆ. ಚೂರು ಅಸಿಟೋನ್‌ದಾಗ ಕಲಸಿ, ತೆಳು ಸಿಲಿಕಾ ಪ್ಲೇಟ್ ತಗೊಂಡು ತಳದಿಂದ ಒಂದೂವರೆ ಸೆಂಟಿಮೀಟರ್ ಮ್ಯಾಲ ಪೆನ್ಸಿಲ್ಲಿಂದ ಗೆರಿ ಹೊಡದೆ. ಪೆನ್ನಿಂದ ಹೊಡಿಬಾರದು, ಪೆನ್ನಿನ ಇಂಕೂ ಬಣ್ಣನೇ, ಅದೂ ಮ್ಯಾಲ ಓಡ್ಲಿಕ್ಕ ಹತ್ತತದ. ಕೂದಲಿನಂಥ ಗಾಜಿನ ನಳಿಯಿಂದ ಮೂರು ಚುಕ್ಕಿ ಇಟ್ಟೆ: ಅವ್ವಂದು, ಚಿಗವ್ವಂದು, ಲ್ಯಾಬಿನಾಗಿದ್ದ ಸೂಡಾನ್ 1 ಸ್ಟ್ಯಾಂಡರ್ಡ್, ಅಂದ್ರ ಹೋಲಿಸಿ ನೋಡಲಿಕ್ಕ ಇಟ್ಟ ಶುದ್ಧ ಬಣ್ಣ. ಬೀಕರಿನಾಗ ಚುಕ್ಕಿ ಮುಳುಗದಷ್ಟು ಟಾಲ್ವೀನ್ ಅನ್ನೋ ದ್ರಾವಕ ಹಾಕಿ, ಪ್ಲೇಟ್ ಇಳಿಬಿಟ್ಟು ಮುಚ್ಚಿದೆ. ಟಾಲ್ವೀನ್ ನಿಧಾನಕ್ಕ ಏರ್ತದ, ಒದ್ದಿ ಆದ ಗೋಡಿ ಮ್ಯಾಲ ನೀರೇರಿದಂಗ. ಚಿಗವ್ವನ ಚುಕ್ಕಿ ಗೆರಿ ಬಿಟ್ಟು ಅಲಗಲಿಲ್ಲ, ಅರಿಷಿಣದ್ದೆಲ್ಲ ಅಲ್ಲೇ ಕೂತಿತ್ತು. ಅವ್ವನ ಚುಕ್ಕಿಯಿಂದ ಮಾತ್ರ ಒಂದು ಕಿತ್ತಳಿ ಚುಕ್ಕಿ ಕಿತ್ಕೊಂಡು ಮ್ಯಾಲ ಮ್ಯಾಲ ಹೋಯ್ತು, ಸ್ಟ್ಯಾಂಡರ್ಡಿನ ಪಕ್ಕಕ್ಕ ಪಕ್ಕ, ಒಂದೇ ಎತ್ತರಕ್ಕ ನಿಂತಿತು. ನಾನು ಅದನ್ನ ಭಾಳೊತ್ತು ನೋಡ್ಕೋತ ನಿಂತೆ, ಇದೇ ಅಕಿ ಹಣಿಮ್ಯಾಲ ಇದ್ದದ್ದು.

ಹಂಗಂತ ಜೊತಿಗೆ ಓಡ್ತು ಅಂದ ಮಾತ್ರಕ್ಕ ಅದೇ ಬಣ್ಣ ಅಂತ ಸಹಿ ಮಾಡಲಿಕ್ಕ ಬರಂಗಿಲ್ಲ. ಒಂದೇ ಎತ್ತರಕ್ಕ ನಿಲ್ಲೋ ಬ್ಯಾರೆ ಬಣ್ಣ ಇರ್ತಾವ. ಅದಕ್ಕ ಎಲ್‌ಸಿ-ಎಂಎಸ್ ಅನ್ನೋ ಮಷೀನ್ ಬೇಕು, ಅದು ಮೊದಲು ಬಣ್ಣಗಳನ್ನ ಬಿಡಿಸಿ ಆಮ್ಯಾಲ ಒಂದೊಂದರ ತೂಕ ಹೇಳ್ತದ, ಸೂಡಾನ್ 1ರ ಅಣುತೂಕ 248, ಮಷೀನಿನಾಗ ಒಂದು ಪ್ರೋಟಾನ್ ಏರಿಸ್ಕೊಂಡು 249ಕ್ಕ ಕಾಣಸ್ತದ. ಪರಿಚಯದವರೊಬ್ಬರು ಹಾಕಿ ನೋಡಿ ಕೊಟ್ರು. 249 ಬಂತು.

ನಾನು ಇಷ್ಟು ಹಿಂದ ಮುಂದ ನೋಡೋದಕ್ಕ ಒಂದು ಕಾರಣ ಅದ. ಎಂಎಸ್ಸಿ ಮುಗದ ವರ್ಷ ಹುಮನಾಬಾದ ಕಡಿ ಕಾಕಾರ ಮನಿಗೆ ಹೋಗಿದ್ದೆ, ಅವರ ಹೊಲದಾಗ ಅರಿಷಿಣ ಬೆಳೀತಿದ್ರು, ಕಾಕಿ ತಾನೇ ಕುದಿಸಿ ಒಣಗಿಸಿ ಗಿರಣಿಗೆ ಹಾಕಿಸಿದ ಪುಡಿ. ನಾನು ದೊಡ್ಡ ಕಲ್ತಾಕಿ ಅಂತ ಬ್ಯಾಗಿನಾಗ ಗಟ್ಟಿ ಹೈಡ್ರೋಕ್ಲೋರಿಕ್ ಆಸಿಡ್ ಬಾಟ್ಲಿ ಇತ್ತು, ಅರಿಷಿಣದಾಗ, ಬ್ಯಾಳ್ಯಾಗ ಮೆಟಾನಿಲ್ ಯೆಲ್ಲೋ ಅನ್ನೋ ಬಟ್ಟಿ ಬಣ್ಣ ಕೂಡಸ್ತಾರ, ಅದು ಆಸಿಡ್ ಬಿದ್ರ ಗುಲಾಬಿ ಆಗ್ತದ ಅಂತ ಓದಿದ್ದೆ. ನಾಲ್ಕು ಹನಿ ಹಾಕಿದೆ, ಗುಲಾಬಿ ಆಯ್ತು. ಎಲ್ಲರ ಮುಂದ, ಕಾಕಿ, ಇದರಾಗ ಬಣ್ಣ ಅದ ಅಂದುಬಿಟ್ಟೆ. ಕಾಕಿ ಮಾರಿ ಸಣ್ಣದಾಯ್ತು, ನಾನು ಯಾಕ ಕೂಡಿಸ್ಲಿ ಯವ್ವಾ ಅಂದಳು, ಅಷ್ಟೇ. ನಾನು ಮರ್ತದ್ದು ಒಂದೇ ಹೆಜ್ಜಿ. ಗಟ್ಟಿ ಆಸಿಡ್‌ಗೆ ಶುದ್ಧ ಅರಿಷಿಣನೂ ಗುಲಾಬಿ ಆಗ್ತದ. ಅದಕ್ಕ ನೀರು ಹಾಕಿ ನೋಡಬೇಕು, ಅರಿಷಿಣದ ಗುಲಾಬಿ ನೀರಿಗೆ ಮಾಯ ಆಗ್ತದ, ಮೆಟಾನಿಲ್ ಯೆಲ್ಲೋದ್ದು ಹಂಗೇ ಉಳೀತದ. ಊರಿಗೆ ಬಂದು ಪುಸ್ತಕ ತೆರದು ನೋಡಿದ ಮ್ಯಾಲ ಫೋನ್ ಮಾಡಿ ತಪ್ಪಾಯ್ತು ಅಂದೆ, ಕಾಕಿ ಹೋಗಲಿ ಬಿಡು ಅಂದಳು, ಆದ್ರ ಆಮ್ಯಾಲಿಂದ ಅಕಿ ನನಗ ಅರಿಷಿಣ ಕಟ್ಟಿ ಕೊಡೋವಾಗ ಒಂದು ಕ್ಷಣ ತಡೀತಾಳ, ಅದು ನನಗ ಕಾಣಸ್ತದ.

ನಮ್ಮದು ತೊಗರಿ ನಾಡು, ಕಲಬುರಗಿ ತೊಗರಿ ಬ್ಯಾಳಿಗೆ 2019ರಾಗ ಜಿಐ ಟ್ಯಾಗೂ, ಅಂದ್ರ ಊರಿನ ಹೆಸರಿನ ಮಾನ್ಯತಾನೂ, ಬಂತು, ನೆಹರು ಗಂಜಿನಾಗ ದಾಲ್ ಮಿಲ್‌ಗಳ ಧೂಳು ಮೂಗಿಗೆ ಹತ್ತದಂಗ ದಾಟಲಿಕ್ಕ ಆಗಂಗಿಲ್ಲ. ಯಾರೇ ಬ್ಯಾಳಿಗೆ ಬಣ್ಣ ಹಚ್ತಾರ ಅಂದ್ರೂ ನಮಗ ನೇರ ಎದಿಗೆ ನಾಟ್ತದ. ಅದಕ್ಕೇ ಹೇಳ್ತೀನಿ, ಆಸಿಡ್ ಟೆಸ್ಟ್ ಮಾಡ್ರಿ, ಆದ್ರ ನೀರು ಹಾಕೋ ಹೆಜ್ಜಿ ಬಿಡಬ್ಯಾಡ್ರಿ, ಮತ್ತ ಆಸಿಡ್ ಮಕ್ಕಳ ಕೈಗೆ ಕೊಡಬ್ಯಾಡ್ರಿ.

ಇನ್ನ ಜಾತ್ರಿ. ಹೋಳಿ ಆದ ಐದನೇ ದಿನ ಶರಣಬಸವೇಶ್ವರರ ತೇರು. ಆ ಹೊತ್ತಿಗೆ ಹುಡುಗರ ಉಗುರಿನಾಗ ಹೋಳಿ ಗುಲಾಬಿ ಇನ್ನೂ ಹೋಗಿರಂಗಿಲ್ಲ, ಅದೇ ಕೈಯಾಗ ಬುಡ್ಢಿ ಕೆ ಬಾಲ್, ಅಂದ್ರ ಕಾಟನ್ ಕ್ಯಾಂಡಿ, ಹಿಡಕೊಂಡು ತಿಂತಿರ್ತಾವ, ಉಗುರಿನ ಗುಲಾಬಿ ಮತ್ತ ಮಿಠಾಯಿ ಗುಲಾಬಿ ಪಕ್ಕದಾಗ ಇಟ್ರ ಗುರ್ತ ಹತ್ತಂಗಿಲ್ಲ. ಎಷ್ಟೋ ಸಲ ಎರಡೂ ಒಂದೇ, ರೋಡಮೈನ್ ಬಿ, ಬಟ್ಟಿಗೆ ಕಾಗದಕ್ಕ ಹಾಕೋ ಬಣ್ಣ, ತಿನ್ನೋದಕ್ಕ ಅಲ್ಲವೇ ಅಲ್ಲ. 2024ರ ಮಾರ್ಚ್ 11ಕ್ಕ ನಮ್ಮ ಸರ್ಕಾರ ಕಾಟನ್ ಕ್ಯಾಂಡಿಗೆ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದಂತ ಆದೇಶ ಹೊರಡಿಸ್ತಲ್ಲ, ಆವಾಗ 171 ಗೋಬಿ ಸ್ಯಾಂಪಲ್‌ದಾಗ 107, 25 ಕಾಟನ್ ಕ್ಯಾಂಡಿ ಸ್ಯಾಂಪಲ್‌ದಾಗ 15 ಅಸುರಕ್ಷಿತ ಅಂತ ಬಂದಿತ್ತು. ಜನ ಗೋಬಿಯಾಗೂ ರೋಡಮೈನ್ ಅಂತಲೇ ಮಾತಾಡ್ತಾರ, ಆದ್ರ ಗೋಬಿಯಾಗ ಸಿಕ್ಕಿದ್ದು ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಯ್ಸಿನ್. ಇವು ಮೂರೂ ನಮ್ಮ ದೇಶದಾಗ ಪರವಾನಗಿ ಇರೋ ಎಂಟು ಕೃತಕ ಬಣ್ಣದಾಗಿನವೇ, ಐಸ್‌ಕ್ರೀಮು, ಬಿಸ್ಕೀಟು, ಮಿಠಾಯಿ ಅಂಥ ಕೆಲವಕ್ಕ ಸಾಮಾನ್ಯವಾಗಿ 100 ಪಿಪಿಎಂ, ಅಂದ್ರ ಕಿಲೋಕ್ಕ 100 ಮಿಲಿಗ್ರಾಂ, ತನಕ ಹಾಕಬಹುದು, ಗೋಬಿಗೆ ಹಾಕಂಗಿಲ್ಲ. ಈ ಫರಕು ಗೊತ್ತಿರಬೇಕು, ಯಾಕಂದ್ರ ಯಾವ ಬಣ್ಣ ಹುಡುಕ್ತೀವಿ ಅನ್ನೋದ್ರ ಮ್ಯಾಲ ಹೆಂಗ ಹುಡುಕಬೇಕು ಅನ್ನೋದು ನಿಂತದ.

ರೋಡಮೈನ್‌ಗೆ ನೋಟು ನೋಡೋ ಯುವಿ ಟಾರ್ಚ್ ಸಾಕಾಗ್ತದ, ಮಿಠಾಯಿ ನೀರಾಗ ಕರಗಿಸಿ ಕತ್ತಲಿಯಾಗ ಟಾರ್ಚ್ ಹಿಡದ್ರ ಕಿತ್ತಳಿ ಬಣ್ಣಕ್ಕ ಉರದಂಗ ಹೊಳೀತದ. ಬೀಟ್‌ರೂಟ್ ಹಂಗ ಹೊಳ್ಯಂಗಿಲ್ಲ. ಆದ್ರ ಪರವಾನಗಿ ಇರೋ ಎರಿಥ್ರೋಸಿನ್ ಅನ್ನೋ ಗುಲಾಬಿ ಬಣ್ಣನೂ ಜರಾ ಹೊಳೀತದ, ಅದಕ್ಕ ಹೊಳೀತು ಅಂದ ಕೂಡ್ಲೆ ಗಾಡಿಯವನ ಕೊರಳಪಟ್ಟಿ ಹಿಡಿಲಿಕ್ಕ ಹೋಗಬ್ಯಾಡ್ರಿ.

ಗೋಬಿ ಬಣ್ಣಕ್ಕ ನನಗ ಭಾಳ ಸೇರೋದು ಹಳೇ ಉಣ್ಣಿ ಟೆಸ್ಟು. ನೂರು ವರ್ಷಕ್ಕಿಂತ ಹಳೇದು, ಇವತ್ತಿಗೂ ಹುಡುಗರಿಗೆ ಇದನ್ನೇ ಮೊದಲು ಮಾಡಸ್ತೀನಿ. ಬಿಳಿ ಉಣ್ಣಿ ದಾರ ಬೇಕು. ನಮ್ಮ ಕಡಿ ಕುರಿ ಉಣ್ಣಿ ಬಹುತೇಕ ಕರಿ, ಕಂಬಳಿಗೆ ಛಲೋ, ಟೆಸ್ಟಿಗೆ ಬರಂಗಿಲ್ಲ, ಸೂಪರ್ ಮಾರ್ಕೆಟ್‌ ಕಡಿ ಅಂಗಡ್ಯಾಗ ಉಲ್ಲನ್ ಅಂತ ಕೊಡೋದು ಭಾಳಷ್ಟು ಆಕ್ರಿಲಿಕ್. ಒಂದೆಳಿ ಸುಟ್ಟು ನೋಡ್ರಿ, ಕೂದಲು ಸುಟ್ಟ ವಾಸನಿ ಬಂದು ಬೂದಿ ಆದ್ರ ಉಣ್ಣಿ, ಕರಗಿ ಗುಂಡಿ ಕಟ್ಟಿದ್ರ ಆಕ್ರಿಲಿಕ್. ಖರೆ ಉಣ್ಣಿ ಸಿಕ್ಕ ಮ್ಯಾಲ ಎಣ್ಣಿ ಜಿಡ್ಡು ತೊಳದು, ಗೋಬಿ ನೆನಸಿದ ನೀರಿಗೆ ಜರಾ ಅಸಿಟಿಕ್ ಆಸಿಡ್ ಹಾಕಿ ದಾರ ಅದರಾಗ ಕುದಿಸಬೇಕು. ಹುಳಿಯಾಗ ಉಣ್ಣಿಯ ಪ್ರೋಟೀನ್‌ಗೆ ಪ್ಲಸ್ ಚಾರ್ಜ್ ಬರ್ತದ, ಈ ಬಣ್ಣಗಳಿಗೆ ಸಲ್ಫೋನೇಟ್ ಬಾಲದ ಮೈನಸ್ ಇರ್ತದ, ಗಪ್ಪನ ಹಿಡಕೊಳ್ತಾವ. ದಾರ ತೆಗದು ತಣ್ಣೀರಾಗ ತೊಳದು ಈಗ ತೆಳು ಅಮೋನಿಯಾದಾಗ ಬಿಸಿ ಮಾಡಿದ್ರ ಬಣ್ಣ ದಾರ ಬಿಟ್ಟು ನೀರಿಗೆ ಬರ್ತದ. ಆ ನೀರನ್ನ ತಿರುಗಿ ಹುಳಿ ಮಾಡಿ ಹೊಸ ದಾರ ಹಾಕ್ರಿ. ಎರಡನೇ ದಾರನೂ ಝಳಝಳ ಬಣ್ಣ ಹಿಡೀತಂದ್ರ ಕೃತಕ ಬಣ್ಣ, ಖಾರದ್ದು ಅರಿಷಿಣದ್ದು ಬೀಟ್‌ರೂಟಿಂದು ಎರಡನೇ ದಾರಕ್ಕ ಸಾಮಾನ್ಯವಾಗಿ ಬರಂಗಿಲ್ಲ. ರೋಡಮೈನ್ ಬೇಸಿಕ್ ಬಣ್ಣ, ಅಂದ್ರ ಅದಕ್ಕ ಪ್ಲಸ್ ಚಾರ್ಜ್ ಇರ್ತದ, ಅದಕ್ಕ ಎಲ್ಲಾ ಉಲ್ಟಾ ಮಾಡಬೇಕು, ಹತ್ತಿಸೋದು ಅಮೋನಿಯಾದಾಗ, ಬಿಡಿಸೋದು ಹುಳಿಯಾಗ.

ಉಣ್ಣಿಗೆ ಸಿಗದವೂ ಅವ. ಸೂಡಾನ್ ಎಣ್ಣ್ಯಾಗ ಕರಗೋ ಬಣ್ಣ, ಮೇಣಕ್ಕ, ಬೂಟಿನ ಪಾಲಿಶಿಗೆ ಹಾಕ್ತಿದ್ದದ್ದು. ಖಾರದಪುಡಿ ನೀರಿನ ಗ್ಲಾಸಿನಾಗ ಉದುರಿಸ್ರಿ, ಕೆಂಪು ಗೆರಿ ಇಳದ್ರ ಕಲಬೆರಕಿ ಅಂತ ಹೇಳ್ತಾರಲ್ಲ, ಆ ಟೆಸ್ಟಿಗೆ ಸೂಡಾನ್ ಸಿಗೋದೇ ಇಲ್ಲ, ಅದು ನೀರಿಗೆ ಬಿಡಂಗಿಲ್ಲ, ಗ್ಲಾಸು ಸ್ವಚ್ಛ, ನೀವು ಸಮಾಧಾನ. 2003ರಾಗ ಫ್ರಾನ್ಸ್‌ದಾಗ ಭಾರತದಿಂದ ಹೋದ ಖಾರದಾಗ ಸೂಡಾನ್ 1 ಸಿಕ್ಕು ಯುರೋಪಿನಾಗ ಗದ್ದಲ ಆಯ್ತು, 2005ರಾಗ ಇಂಗ್ಲೆಂಡಿನಾಗ ಅಂಥ ಖಾರ ಒಂದು ಸಾಸಿಗೆ ಹೋಗಿ, ಆ ಸಾಸು ಬ್ಯಾರೆ ಬ್ಯಾರೆ ಅಡಗಿಗೆ ಹೋಗಿ, 400ಕ್ಕಿಂತ ಜಾಸ್ತಿ ಪದಾರ್ಥ ಅಂಗಡಿಯಿಂದ ವಾಪಸ್ ತೆಗಸಿದ್ರು. ಖಾರದಾಗ ಅದನ್ನ ಹಿಡಿಯೋದು ಕಷ್ಟ ಯಾಕಂದ್ರ ಮೆಣಸಿನಕಾಯಿದೇ ಕೆಂಪು, ಅದೂ ಎಣ್ಣಿಗೆ ಬಿಡ್ತದ, ಅದೂ ಬೆಳಕನ್ನ ಅದೇ ಸುಮಾರಿಗೆ ಹೀರ್ಕೊಳ್ತದ. ಕಳ್ಳ ಮತ್ತ ಮನಿಯವ ಒಂದೇ ಅಂಗಿ ಹಾಕ್ಕೊಂಡಂಗ.

ಗೋಬಿಯಾಗೂ ಇದೇ ತ್ರಾಸು, ಬಣ್ಣ ಯಾವ ಬೆಳಕು ಎಷ್ಟು ಹೀರ್ತದ ಅಂತ ಅಳಿಯೋ ಮಷೀನಿಗೆ. ಸ್ಪೆಕ್ಟ್ರೋಫೋಟೋಮೀಟರ್‌ದಾಗ ಟಾರ್ಟ್ರಾಜಿನ್ 427 ನ್ಯಾನೋಮೀಟರ್ ಸುತ್ತ, ಸನ್‌ಸೆಟ್ ಯೆಲ್ಲೋ 482, ಕಾರ್ಮೋಯ್ಸಿನ್ 516 ಅಂತ ಬಿಡಿ ಬಿಡಿ ಛಲೋ ಕಾಣ್ತಾವ, ಮೂರೂ ಕೂಡಿಸಿ ಹಾಕಿದ್ರ ಒಂದೇ ದೊಡ್ಡ ಗುಡ್ಡ ಕಾಣಸ್ತದ, ಯಾವುದು ಎಷ್ಟು ಅಂತ ಹೇಳಲಿಕ್ಕ ಬರಂಗಿಲ್ಲ. ಅದಕ್ಕ ಎಚ್‌ಪಿಎಲ್‌ಸಿ ಕಾಲಮ್, ಒಂದೊಂದನ್ನ ಬಿಡಿಸಿ ಹೊರಗ ಕಳಸ್ತದ. ಕಾಲಮಿಗೆ ಹಾಕೋಕಿಂತ ಮೊದಲು ಎಣ್ಣಿ, ಹಿಟ್ಟು, ಉಪ್ಪು ತೆಗೀಬೇಕು, ಪಾಲಿಅಮೈಡ್ ಪುಡಿ ಹುಳಿಯಾಗ ಬಣ್ಣ ಹಿಡಕೊಳ್ತದ, ಅಮೋನಿಯಾ ಕೂಡಿದ ಮೆಥನಾಲ್‌ಗೆ ಬಿಟ್ಟುಕೊಡ್ತದ. ನೋಡ್ರಿ, ಅದೇ ಉಣ್ಣಿ ದಾರದ ಉಪಾಯ.

ಈಗ ನೀರಿನ ಮಾತು, ನನಗ ಭಾಳ ಸಂಕಟ ಆಗೋದು ಇಲ್ಲಿ. ಮನಿ ಮ್ಯಾಲಿನ 1000 ಲೀಟರ್ ಟಾಕಿ ನೆನಸ್ಕೋರಿ. ಅದಕ್ಕ ಒಂದು ಗ್ರಾಂ ಬಣ್ಣ ಹಾಕಿದ್ರ 1 ಪಿಪಿಎಂ, ಭಾಳ ಬಣ್ಣಗಳು ಅಷ್ಟಕ್ಕೇ ಕಣ್ಣಿಗೆ ಕಾಣಸ್ತಾವ. ಅದೇ ಟಾಕಿಗೆ ಒಂದೆರಡು ಸಕ್ಕರಿ ಹರಳಿನಷ್ಟು, ಅಂದ್ರ ಒಂದು ಮಿಲಿಗ್ರಾಂ ಹಾಕಿದ್ರ 1 ಪಿಪಿಬಿ, ಯಾರ ಕಣ್ಣಿಗೂ ಕಾಣಂಗಿಲ್ಲ. ಅಷ್ಟನ್ನ ಹಿಡಿಬೇಕಂದ್ರ ಒಂದು ಲೀಟರ್ ನೀರು ಸೋಸಿ, ಬೆರಳಿನಷ್ಟು ಕಾರ್ಟ್ರಿಜ್‌ದಾಗ ಹನಿ ಹನಿಯಾಗಿ ಇಳಸಬೇಕು, ಬಣ್ಣ ಅದರಾಗ ಸಿಗಬೀಳ್ತದ, ಆಮ್ಯಾಲ ಒಂದು ಎಂಎಲ್ ಮೆಥನಾಲ್‌ದಾಗ ತೊಳದು ತಗೊಂಡ್ರ ಸಾವಿರ ಪಟ್ಟು ಗಟ್ಟಿ. ಒಂದು ಸ್ಯಾಂಪಲ್‌ಗೆ ಅರ್ಧ ದಿನ ಹೋಗ್ತದ.

ಇದಕ್ಕಿಂತ ದೊಡ್ಡದು ಇನ್ನೊಂದು. ಒಂದು ಬಣ್ಣದ ಘಟಕದ ಹಿಂದಿನ ನಾಲಾದಾಗ, ಯಾವ ಊರು ಯಾರದು ಅಂತ ಬರ್ಯಂಗಿಲ್ಲ, ಮುಂಜಾನೆ ನೇರಳಿ ನೀರು ಬರ್ತಿತ್ತು, ಜನ ತಕರಾರು ಮಾಡಿದ ಮ್ಯಾಲ ತಿಂಗಳೊಪ್ಪತ್ತಿನಾಗ ನೀರು ತಿಳಿ ಆಯ್ತು, ಎಲ್ಲರೂ ಖುಷ್. ನಾನು ಒಂದು ಬಾಟ್ಲಿ ತುಂಬ್ಕೊಂಡು ಬಂದೆ. ಬಟ್ಟಿ ಬಣ್ಣದಾಗ ಭಾಳಷ್ಟು ಅಜೋ ಬಣ್ಣ, ನಡುವ ಎರಡು ನೈಟ್ರೋಜನ್ ಕೈ ಹಿಡಕೊಂಡ ಸೇತುವಿ ಇರ್ತದ, ಬಣ್ಣ ಕಾಣೋದೇ ಆ ಸೇತುವಿಯಿಂದ. ಬಣ್ಣ ಹಾಕೋರು ಹೈಡ್ರೋಸ್ ಅಂತ ಉಪಯೋಗಿಸ್ತಾರಲ್ಲ, ಅದು ಬಿದ್ರ ಸೇತುವಿ ಮುರೀತದ, ಗಾಳಿ ಇಲ್ಲದ ಕೆಸರಿನಾಗಿನ ಬ್ಯಾಕ್ಟೀರಿಯಾನೂ ಮುರೀತಾವ. ನೀರು ತಿಳಿ ಆಗ್ತದ. ಮುರದ ಎರಡು ತುಂಡು ಮಾತ್ರ ಎಲ್ಲೂ ಹೋಗಿರಂಗಿಲ್ಲ, ಅವು ಅರೋಮ್ಯಾಟಿಕ್ ಅಮೈನ್‌ಗಳು, ಅದ್ರಾಗ ಕೆಲವು, ಬೆಂಜಿಡೀನ್ ಅಂಥವು, ಕ್ಯಾನ್ಸರ್ ತರ್ತಾವ ಅಂತ ಸಿದ್ಧ ಆಗ್ಯದ. ಬೆಂಜಿಡೀನ್ ಬಣ್ಣ, ಇಂಥ ಅಮೈನ್ ಬಿಡೋ ಅಜೋ ಬಣ್ಣ ಎಲ್ಲಾ ಕೂಡಿ 112 ಬಣ್ಣಗಳನ್ನ ನಮ್ಮ ದೇಶದಾಗ 90ರ ದಶಕದಾಗೇ ನಿಷೇಧ ಮಾಡ್ಯಾರ, ಆದ್ರ ನಾಲಾದ ನೀರು ತಿಳಿ ಆಯ್ತಂತ ಸುಮ್ನಾದ್ರ ಅದರಾಗಿನ ತುಂಡು ಯಾವುದು ಅಂತ ಯಾರು ನೋಡ್ತಾರ? ನನ್ನ ಬಾಟ್ಲಿ ನೀರಾಗ ಬಣ್ಣದ ಪೀಕ್ ಇರಲಿಲ್ಲ, ಯುವಿ ಕಡಿ, 280 ನ್ಯಾನೋಮೀಟರ್ ಸುಮಾರಿಗೆ, ಹೆಸರು ಹೇಳಲಿಕ್ಕ ಬಾರದ ಪೀಕ್‌ಗಳು ಸಾಲಾಗಿ ನಿಂತಿದ್ವು.

ಇದನ್ನೆಲ್ಲ ದೊಡ್ಡ ಮಷೀನಿಗೇ ಕೊಡಬೇಕಂದ್ರ ನಮ್ಮಂಥ ಊರಿಗೆ ನಿಲುಕಂಗಿಲ್ಲ. ಅದಕ್ಕ ನನಗ ಇಂಗಾಲದ ಪೇಸ್ಟ್ ಎಲೆಕ್ಟ್ರೋಡ್ ಮ್ಯಾಲ ಆಸಿ. ನಮ್ಮ ರಾಜ್ಯದಾಗ ಶಂಕರಘಟ್ಟದ ಕುವೆಂಪು ವಿವಿಯವರು ಇದರ ಮ್ಯಾಲ ಭಾಳ ಕೆಲಸ ಮಾಡ್ಯಾರ. ಗ್ರಾಫೈಟ್ ಪುಡಿ 70 ಪಾಲು, ಸಿಲಿಕೋನ್ ಎಣ್ಣಿ 30 ಪಾಲು, ಅಗೇಟ್ ಕಲ್ಲಿನ ಖಲಬತ್ತದಾಗ ಅರ್ಧ ತಾಸು ಅರದ್ರ ಕಾಡಿಗಿಯಂಥ ಪೇಸ್ಟ್ ಆಗ್ತದ, ಸಣ್ಣ ನಳ್ಯಾಗ ತುಂಬಿ ಹಿಂದಿನಿಂದ ತಾಮ್ರದ ತಂತಿ ಚುಚ್ಚಿ, ತುದಿ ಕಾಗದದ ಮ್ಯಾಲ ಹೊಳಿಯೋತನಕ ತಿಕ್ಕಬೇಕು. ಅದನ್ನ ಸ್ಯಾಂಪಲ್‌ದಾಗ ಇಳಿಸಿ ವೋಲ್ಟೇಜ್ ಏರಿಸ್ಕೋತ ಹೋದ್ರ ಒಂದು ಜಾಗದಾಗ ಬಣ್ಣದ ಅಣು ಎಲೆಕ್ಟ್ರಾನ್ ಬಿಡ್ತದ, ಕರೆಂಟು ಗುಬ್ಬಿ ಎದ್ದಂಗ ಏಳ್ತದ. ಇದಕ್ಕ ಬಣ್ಣ ಕಾಣೋದು ಬೇಕಾಗಿಲ್ಲ, ಬಣ್ಣ ಇಲ್ಲದ ಅಮೈನೂ ಸಿಗ್ತದ. ಎರಡು ಬಣ್ಣ ಹತ್ರ ಹತ್ರ ಎದ್ರ ಗೊಂದಲ ಆಗ್ತದ ಖರೆ, ಆದ್ರೂ ನಾಲಾ ದಂಡಿಗೆ ಹೊತ್ಕೊಂಡು ಹೋಗಬಹುದು, ನನಗ ಅದು ದೊಡ್ಡದು.

ತಿನ್ನೋದ್ರ ಬಗ್ಗೆ ಸಂಶಯ ಇದ್ದೋರಿಗೆ ಒಂದು ದಾರಿ ಹೇಳ್ತೀನಿ, ಭಾಳ ಮಂದಿಗೆ ಗೊತ್ತಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಫೀ ಕಟ್ಟಿ ಫುಡ್ ಅನಾಲಿಸ್ಟ್ ಹತ್ರ ಪರೀಕ್ಷೆ ಮಾಡಿಸಬಹುದು, ಕೊಳ್ಳೋವಾಗಲೇ ಅಂಗಡಿಯವರಿಗೆ ಪರೀಕ್ಷೆಗೆ ಕೊಡ್ತೀನಿ ಅಂತ ಹೇಳಿರಬೇಕು, ಸ್ಯಾಂಪಲ್ ಮುಟ್ಟಿದ 14 ದಿನದಾಗ ವರದಿ ಕೊಡಬೇಕು ಅಂತ ಅದ, ತಪ್ಪು ಸಿಕ್ರ ಫೀ ವಾಪಸ್. ಕಲಬುರಗಿಯಾಗೇ ವಿಭಾಗೀಯ ಆಹಾರ ಪ್ರಯೋಗಾಲಯ ಅದ. ಮನ್ಯಾಗ ಮಾಡಿದ ಟೆಸ್ಟಿನ ವಿಡಿಯೋ ಗ್ರೂಪಿನಾಗ ಹಾಕೋಕಿಂತ ಆ ಒಂದು ಕಾಗದ ಭಾಳ ಕೆಲಸ ಮಾಡ್ತದ. ಕುಂಕುಮ ಈ ಕಾಯ್ದಿಗೆ ಬರಂಗಿಲ್ಲ, ಕಾಸ್ಮೆಟಿಕ್‌ಗೆ ಬ್ಯಾರೆ ಕಾಯ್ದಿ, ಯಾವ ಬಣ್ಣ ಹಾಕಬಹುದು ಅನ್ನೋ ಪಟ್ಟಿ ಐಎಸ್ 4707 ಅನ್ನೋ ಭಾರತೀಯ ಮಾನದಂಡದಾಗ ಅದ, ಆದ್ರ ಜಾತ್ರ್ಯಾಗ ಗುಡ್ಡಿ ಹಾಕಿ ಚೀಟಿ ಇಲ್ಲದಂಗ ಮಾರೋ ಕುಂಕುಮಕ್ಕ ಯಾವ ಪಟ್ಟಿ ತೋರಿಸೋದು.

ಅವ್ವ ಮೂರು ತಿಂಗಳು ಹಣಿಗೆ ಬರೀ ವಿಭೂತಿ ಹಚ್ಕೊಂಡಳು. ಕಲೆ ಪೂರಾ ಹೋಗಿಲ್ಲ, ತಿಳಿ ಆಗ್ಯದ. ಆಮ್ಯಾಲ ಕಾಕಿ ಬಂದಿದ್ದಳು, ಎರಡು ಕಿಲೋ ಅರಿಷಿಣ ತಂದಿದ್ದಳು, ಇಬ್ಬರೂ ಕೂಡಿ ಅಂಗಳದಾಗ ಸುಣ್ಣದ ನೀರು ಕಲಸಿ ನೆರಳಾಗ ಒಣಗಿಸಿ ಕುಂಕುಮ ಮಾಡಿದ್ರು. ಅಂಗಡಿದರಷ್ಟು ಕೆಂಪಿಲ್ಲ, ಇಟ್ಟಂಗಿ ಬಣ್ಣ. ಹಚ್ಕೊಳ್ಳೋಕಿಂತ ಮೊದಲು ಮೊಳಕೈ ಒಳಗಿನ ಕಡಿ ಹಚ್ಚಿ ಎರಡು ದಿನ ನೋಡ್ರಿ ಅಂದೆ, ಸುಣ್ಣ ಜಾಸ್ತಿ ಆದ್ರ ಅದೂ ಸುಡ್ತದ. ಕಾಕಿ ಒಂದು ಚಿಟಿಕಿ ತಗೊಂಡು ನನ್ನ ಮುಂದ ಹಿಡದಳು, ಹಾಕು ನಿನ್ನ ನಿಂಬಿಹಣ್ಣು ಅಂದಳು. ಹಿಂಡಿದೆ. ಹಳದಿ ಆಯ್ತು.